ಹಳೆಯ ಸೇಫ್ಟಿ ರೇಜರ್‌ನಲ್ಲಿ ಶೇವಿಂಗ್: ಒತ್ತದೆ, ಕೊಯ್ದುಕೊಳ್ಳದೆ

ಹಲವು ಬ್ಲೇಡುಗಳಿರುವ ತಲೆಯನ್ನೇ ಬದಲಿಸುವ ಕಾರ್ಟ್ರಿಜ್ ರೇಜರ್‌ಗೆ ಒಗ್ಗಿಹೋದವರು ಲೋಹದ ಹಳೆಯ ಸೇಫ್ಟಿ ರೇಜರ್ ಕೈಗೆತ್ತಿಕೊಂಡು, ಮೊದಲ ವಾರದಲ್ಲೇ ಕತ್ತಿನ ತುಂಬ ಗೀರು ಮಾಡಿಕೊಂಡು, ಅದನ್ನು ಕಪಾಟಿನ ಮೂಲೆಗೆ ಹಾಕಿಬಿಡುವುದು ಸಾಮಾನ್ಯ. ಬಹುಪಾಲು ಸಂದರ್ಭಗಳಲ್ಲಿ ಇದಕ್ಕೆ ಕಾರಣ ರೇಜರನ್ನು ಚರ್ಮಕ್ಕೆ ಒತ್ತಿ ಎಳೆಯುವ ಅಭ್ಯಾಸ. ಕಾರ್ಟ್ರಿಜ್ ಅದನ್ನು ಸಹಿಸಿಕೊಳ್ಳುತ್ತದೆ, ಒಂಟಿ ಬ್ಲೇಡು ಸಹಿಸುವುದಿಲ್ಲ. ಕೆಳಗಿನ ಹಂತಗಳಲ್ಲಿ ಮತ್ತೆ ಮತ್ತೆ ಬರುವ ಮಾತು ಇದೇ: ಕೈಯ ಭಾರವನ್ನು ರೇಜರ್ ಮೇಲೆ ಬಿಡಬೇಡಿ.

ಎರಡೂ ಕೆಲಸ ಮಾಡುವ ಬಗೆ

ಸೇಫ್ಟಿ ರೇಜರ್‌ನಲ್ಲಿ ಇರುವುದು ಒಂದೇ ಬ್ಲೇಡು, ಎರಡು ಅಂಚು. ಸುಮಾರು 43 ಮಿ.ಮೀ. ಉದ್ದ, 22 ಮಿ.ಮೀ. ಅಗಲ, 0.1 ಮಿ.ಮೀ. ದಪ್ಪ. ಬಿಡಿಯಾಗಿ ಹಿಡಿದರೆ ಬಳುಕುವ ಈ ತೆಳು ಹಾಳೆಯನ್ನು ರೇಜರ್‌ನ ಮೇಲ್ಮುಚ್ಚಳ ಮತ್ತು ಕೆಳತಟ್ಟೆ ನಡುವೆ ಬಾಗಿಸಿ ಬಿಗಿದಾಗ ಅದಕ್ಕೆ ಬಿರುಸು ಬರುತ್ತದೆ. ಅಂಚು ಎಷ್ಟು ಹೊರಗೆ ಚಾಚಿರಬೇಕು ಎನ್ನುವುದನ್ನು ರೇಜರ್ ತಯಾರಿಸಿದವರು ತೀರ್ಮಾನಿಸಿರುತ್ತಾರೆ. ಯಾವ ಕೋನದಲ್ಲಿ ಚರ್ಮಕ್ಕೆ ತಾಗಬೇಕು ಎನ್ನುವುದು ಮಾತ್ರ ನಿಮ್ಮ ಕೈಗೆ ಬಿಟ್ಟದ್ದು.

ಕಾರ್ಟ್ರಿಜ್‌ನಲ್ಲಿ ಆ ಕೋನವೂ ಕಾರ್ಖಾನೆಯಲ್ಲೇ ಗೊತ್ತಾಗಿರುತ್ತದೆ. ತಲೆ ಅತ್ತಿತ್ತ ತಿರುಗುವುದರಿಂದ ದವಡೆಯ ಏರಿಳಿತಕ್ಕೆ ತಾನೇ ಹೊಂದಿಕೊಳ್ಳುತ್ತದೆ. ನೀವು ಹಾಕಿದ ಒತ್ತಡ ಎರಡು, ಮೂರು ಅಥವಾ ಐದು ಬ್ಲೇಡುಗಳಿಗೂ ಕೆಳಗಿನ ರಬ್ಬರ್ ಪಟ್ಟಿಗೂ ಹಂಚಿಹೋಗುತ್ತದೆ. ಆದರೆ ಅದಕ್ಕೊಂದು ಬೆಲೆ ತೆರಬೇಕು. ಮೊದಲ ಬ್ಲೇಡು ಕೂದಲನ್ನು ಕತ್ತರಿಸುವಾಗ ಸ್ವಲ್ಪ ಮೇಲಕ್ಕೂ ಎಳೆಯುತ್ತದೆ, ಅದು ಹಿಂದಕ್ಕೆ ಸರಿಯುವ ಮುಂಚೆ ಹಿಂದಿನ ಬ್ಲೇಡು ಇನ್ನೂ ಕೆಳಗೆ ಕತ್ತರಿಸುತ್ತದೆ. ಆಮೇಲೆ ಕೂದಲಿನ ತುದಿ ಚರ್ಮದ ಮಟ್ಟಕ್ಕಿಂತ ಒಳಗೆ ಹೋಗಿ ಕೂರುತ್ತದೆ. ನೇರ ಕೂದಲಿನವರಿಗೆ ಇದು ನುಣುಪು. ಗುಂಗುರು ಕೂದಲಿನವರಿಗೆ ಅದೇ ತುದಿ ಬೆಳೆಯುವಾಗ ಬಾಗಿ ಚರ್ಮದೊಳಕ್ಕೇ ಚುಚ್ಚಿ ಗುಳ್ಳೆ ಎಬ್ಬಿಸುತ್ತದೆ. ಕತ್ತಿನ ಮೇಲೆ ವಾರವಿಡೀ ಕೆಂಪು ಗುಳ್ಳೆ ಇರುವವರಲ್ಲಿ ಅನೇಕರಿಗೆ ಒಂಟಿ ಬ್ಲೇಡಿಗೆ ಬದಲಾದ ಮೇಲೆ ಆರಾಮ ಸಿಗುವುದು ಈ ಕಾರಣಕ್ಕೆ.

ಒಂಟಿ ಬ್ಲೇಡಿನ ಈ ಸೇಫ್ಟಿ ರೇಜರ್‌ಗೆ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್‌ಗೆ ಪೇಟೆಂಟ್ ಸಿಕ್ಕಿದ್ದು 1904ರಲ್ಲಿ. ಎಸೆಯಬಹುದಾದಷ್ಟು ಅಗ್ಗದ ಬ್ಲೇಡು ಎನ್ನುವ ಕಲ್ಪನೆ ಅವನದು. ತೆಳು ಉಕ್ಕಿನ ಹಾಳೆಗೆ ಹದ ಕೊಟ್ಟು ಸಾಣೆ ಹಿಡಿಯುವ ಯಂತ್ರಗಳನ್ನು ಮಾಡಿಕೊಟ್ಟವನು ಎಂಜಿನಿಯರ್ ವಿಲಿಯಂ ನಿಕರ್ಸನ್. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಸೈನಿಕರಿಗಾಗಿ ಸುಮಾರು 35 ಲಕ್ಷ ಸೆಟ್ಟುಗಳು ಹೋದವು. ಕ್ಷೌರಿಕರ ಅಂಗಡಿಯಿಂದ ಗಡ್ಡ ಮನೆಯ ಕನ್ನಡಿಯ ಮುಂದಕ್ಕೆ ಬಂದದ್ದರಲ್ಲಿ ಇದರ ಪಾಲು ದೊಡ್ಡದು. ಜೋಡಿ ಬ್ಲೇಡಿನ ಕಾರ್ಟ್ರಿಜ್ 1971ರಲ್ಲಿ, ಮೂರು ಬ್ಲೇಡಿನದು 1998ರಲ್ಲಿ, ಐದರದು 2006ರಲ್ಲಿ ಜಿಲೆಟ್ ಕಂಪನಿಯಿಂದಲೇ ಬಂದವು. ಹಳೆಯ ಅಳತೆ ಮಾತ್ರ ಉಳಿದುಕೊಂಡಿದೆ. ಇವತ್ತು ಕಿರಾಣಿ ಅಂಗಡಿಯಲ್ಲಿ ಸಿಗುವ ಬ್ಲೇಡು ಅಜ್ಜನ ಕಾಲದ ಸೆಟ್ಟಿಗೂ ಸರಿಯಾಗಿ ಕೂರುತ್ತದೆ.

ರೇಜರ್ ಆರಿಸುವುದು

ಮೂರು ಬಿಡಿಭಾಗದ್ದು ಎಂದರೆ ಮುಚ್ಚಳ, ತಟ್ಟೆ, ಹಿಡಿ ಬೇರೆ ಬೇರೆಯಾಗಿ ಬರುವಂಥದ್ದು. ಹೊಸಬರಿಗೆ ನಮ್ಮ ಶಿಫಾರಸು ಇದೇ. ತೊಳೆಯುವುದು ಸುಲಭ, ಕೆಡುವಂಥ ಕೀಲು ಯಾವುದೂ ಇಲ್ಲ. ಹಿಡಿಯ ಬುಡ ತಿರುಗಿಸಿದರೆ ಎರಡು ರೆಕ್ಕೆ ತೆರೆದುಕೊಳ್ಳುವ ಚಿಟ್ಟೆ ಮಾದರಿಯೂ ಇದೆ. ಅದರಲ್ಲಿ ಬ್ಲೇಡು ಬದಲಿಸುವುದು ಸಲೀಸು, ಆದರೆ ರೆಕ್ಕೆಗಳ ಸಂದಿಯಲ್ಲಿ ಸೋಪಿನ ಜಿಗುಟು ಕಟ್ಟಿಕೊಂಡರೆ ಬಿಗಿ ತಪ್ಪುತ್ತದೆ.

ತಟ್ಟೆಯ ಅಂಚು ನೇರ ಪಟ್ಟಿಯಂತಿದ್ದರೆ ಅದು ಮುಚ್ಚಿದ ಬಾಚಣಿಗೆ ಮಾದರಿ, ಹಲ್ಲು ಹಲ್ಲಾಗಿದ್ದರೆ ತೆರೆದ ಬಾಚಣಿಗೆ ಮಾದರಿ. ದಿನಾ ಅಥವಾ ದಿನ ಬಿಟ್ಟು ದಿನ ಶೇವ್ ಮಾಡುವವರಿಗೆ ಮುಚ್ಚಿದ್ದು ಸಾಕು. ವಾರಕ್ಕೊಮ್ಮೆ ಮಾಡುವವರ ಉದ್ದ ಕೂದಲು ತೆರೆದ ಹಲ್ಲುಗಳ ಸಂದಿಯಲ್ಲಿ ಸಲೀಸಾಗಿ ಸಾಗುತ್ತದೆ. ಬ್ಲೇಡಿಗೂ ತಟ್ಟೆಯ ಅಂಚಿಗೂ ನಡುವಿನ ಸಂದು 0.5ರಿಂದ 0.75 ಮಿ.ಮೀ. ಇರುವ ರೇಜರ್‌ಗಳು ಸೌಮ್ಯ. ಒಂದು ಮಿ.ಮೀ. ದಾಟಿದವನ್ನು ಕೈ ಪಳಗುವವರೆಗೆ ಮುಟ್ಟದಿರುವುದೇ ಒಳ್ಳೆಯದು. ಜರ್ಮನಿಯ ಮರ್ಕೂರ್ 34ಸಿ, ಮ್ಯೂಲೆ ಆರ್89 ಹೊಸಬರಿಗೆ ಒಗ್ಗುವ ಹೆಸರಾಂತ ಮಾದರಿಗಳು. ಭಾರತದಲ್ಲೇ ತಯಾರಾಗುವ ಪಾರ್ಕರ್ ರೇಜರ್‌ಗಳಲ್ಲೂ ಸೌಮ್ಯವಾದವು ಸಿಗುತ್ತವೆ. ತೂಕ 60ರಿಂದ 100 ಗ್ರಾಂ ಇರಲಿ. ಹಿಡಿ ಹಗುರ ಪ್ಲಾಸ್ಟಿಕ್ಕಿನದಾದರೆ ಕೈ ತಾನಾಗಿಯೇ ಒತ್ತಲು ಹೋಗುತ್ತದೆ, ಲೋಹದ ತೂಕ ಆ ಕೆಲಸವನ್ನು ತಾನೇ ಮಾಡುತ್ತದೆ.

ಮನೆಯಲ್ಲಿ ಹಳೆಯ ಸೆಟ್ಟು ಸಿಕ್ಕಿದ್ದರೆ ಎಸೆಯಬೇಡಿ. ಬಿಸಿನೀರಿಗೆ ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ ಹಾಕಿ ಹತ್ತು ನಿಮಿಷ ನೆನೆಸಿ, ಹಳೆಯ ಟೂತ್‌ಬ್ರಶ್‌ನಿಂದ ತಿಕ್ಕಿ. ಕುದಿಸಬೇಡಿ, ಲೇಪನ ಹೋದೀತು. ಒಣಗಿದ ಮೇಲೆ ಔಷಧಿ ಅಂಗಡಿಯಲ್ಲಿ ಸಿಗುವ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಅದ್ದಿ ಒರೆಸಿ. ಬಳಸುವ ಮುಂಚೆ ಮೂರು ಸಂಗತಿ ನೋಡಿ: ಹಲ್ಲು ಬಾಗಿದೆಯೇ, ಹಿಡಿಯ ತಿರುಪಿನ ಸುತ್ತು ಸವೆದು ಜಾರುತ್ತಿದೆಯೇ, ಬ್ಲೇಡು ಹಾಕಿದಾಗ ಎರಡೂ ಬದಿಯ ಸಂದು ಸಮ ಇದೆಯೇ. ಬಾಗಿದ ಹಲ್ಲಿನ ಸೆಟ್ಟನ್ನು ನೆನಪಿಗೆಂದು ಇಟ್ಟುಕೊಳ್ಳಿ, ಮುಖಕ್ಕೆ ಬೇಡ.

ಬ್ಲೇಡು

ಟೋಪಾಜ್, 7 ಓ'ಕ್ಲಾಕ್, ವಿಲ್ಕಿನ್ಸನ್ ಮುಂತಾದ ಸಾಮಾನ್ಯ ಬ್ಲೇಡುಗಳು ಒಂದಕ್ಕೆ ಸುಮಾರು 2ರಿಂದ 5 ರೂಪಾಯಿಗೆ ಸಿಗುತ್ತವೆ. ಬಹು ಬ್ಲೇಡಿನ ಒಂದು ಕಾರ್ಟ್ರಿಜ್‌ಗೆ ನೂರು ರೂಪಾಯಿ ದಾಟುವುದು ಮಾಮೂಲು. ಜಪಾನಿನ ಫೆದರ್ ಬಹಳ ಹರಿತ, ಹಾಗಾಗಿ ಮೊದಲ ತಿಂಗಳಿಗೆ ಬೇಡ. ಯಾವ ಬ್ಲೇಡು ಯಾರಿಗೆ ಹೊಂದುತ್ತದೆ ಎನ್ನುವುದು ಕೂದಲು, ಚರ್ಮ, ರೇಜರ್ ಮೂರನ್ನೂ ಅವಲಂಬಿಸಿದೆ. ನಾಲ್ಕೈದು ಬಗೆಯ ಚಿಕ್ಕ ಪೊಟ್ಟಣ ತಂದು, ಪ್ರತಿಯೊಂದರಲ್ಲೂ ಮೂರು ಸಲ ಶೇವ್ ಮಾಡಿ ನೋಡಿ. ಆ ಅವಧಿಯಲ್ಲಿ ಕ್ರೀಮು, ಬ್ರಶ್ಶು, ರೇಜರ್ ಬದಲಿಸಬೇಡಿ, ಬದಲಿಸಿದರೆ ಉರಿ ಯಾವುದರಿಂದ ಬಂತೆಂದು ತಿಳಿಯದು. ನಕಲಿ ಬ್ಲೇಡುಗಳು ಮಾರುಕಟ್ಟೆಯಲ್ಲಿವೆ. ಪೊಟ್ಟಣದ ಅಚ್ಚು ಮಸುಕಾಗಿದ್ದರೆ, ಒಳಗಿನ ಮೇಣದ ಕಾಗದ ಇಲ್ಲದಿದ್ದರೆ ಬಿಟ್ಟುಬಿಡಿ.

ಒಂದು ಬ್ಲೇಡು ಮೂರರಿಂದ ಐದು ಶೇವ್‌ಗೆ ಸರಿ. ಕೂದಲು ಮೆತ್ತಗಿದ್ದರೆ ಏಳರವರೆಗೂ ಹೋಗಬಹುದು. ಬ್ಲೇಡು ಮೊಂಡಾಗುವುದಕ್ಕೆ ತುಕ್ಕೊಂದೇ ಕಾರಣ ಎಂದು ಅನೇಕರು ತಿಳಿದಿದ್ದಾರೆ. 2020ರಲ್ಲಿ ಅಮೆರಿಕದ ಎಂಐಟಿ (ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ) ಸಂಶೋಧಕರು ಬ್ಲೇಡಿನ ಅಂಚನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರು. ಉಕ್ಕಿಗಿಂತ ಸುಮಾರು 50 ಪಟ್ಟು ಮೆತ್ತಗಿನ ಕೂದಲು, ಕತ್ತರಿಸುವಾಗ ಬಾಗಿದರೆ, ಅಂಚಿನ ದುರ್ಬಲ ಜಾಗದಿಂದ ಸಣ್ಣ ಚಕ್ಕೆ ಎಬ್ಬಿಸುತ್ತದೆ ಎಂದು ಕಂಡಿತು. ಅಂಚು ನುಣ್ಣಗೆ ಸವೆಯುವುದಕ್ಕಿಂತ ಹೀಗೆ ಚಕ್ಕೆ ಏಳುವುದೇ ಮುಖ್ಯ ಕಾರಣ. ಎಳೆತ ಶುರುವಾದರೆ ಲೆಕ್ಕ ನೋಡದೆ ಬದಲಿಸಿ. ಐದು ರೂಪಾಯಿ ಉಳಿಸಲು ಹೋಗಿ ಕತ್ತು ಕೆಡಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ.

ಬ್ಲೇಡು ಹಾಕುವ ಕ್ರಮ

ಮೊದಲು ಸಿಂಕಿನ ತೂತು ಮುಚ್ಚಿ, ಒಂದು ಚಿಕ್ಕ ಟವೆಲ್ ಹಾಸಿಕೊಳ್ಳಿ. ಹಿಡಿಯನ್ನು ತಿರುಗಿಸಿ ಬಿಚ್ಚಿ, ಮುಚ್ಚಳವನ್ನು ಬೋರಲಾಗಿ ಎಡ ಅಂಗೈ ಮೇಲೆ ಇಡಿ. ಬ್ಲೇಡನ್ನು ಕಾಗದದಿಂದ ತೆಗೆದು, ಹರಿತವಿಲ್ಲದ ಎರಡು ಗಿಡ್ಡ ತುದಿಗಳಲ್ಲಿ ಮಾತ್ರ ಹಿಡಿದು, ಮುಚ್ಚಳದ ಗೂಟಗಳ ಮೇಲೆ ಕೂರಿಸಿ. ಅದರ ಮೇಲೆ ತಟ್ಟೆ. ತಟ್ಟೆಯ ಉಬ್ಬಿದ ಮೈ ಬ್ಲೇಡಿನ ಕಡೆಗಿರಬೇಕು. ತಿರುಗಾಮುರುಗಾ ಹಾಕಿದರೆ ಬ್ಲೇಡು ಬಾಗದೆ ಸಡಿಲ ಉಳಿದು, ಶೇವ್ ಮಾಡುವಾಗ ನಡುಗಿ ಕೊಯ್ಯುತ್ತದೆ. ಮೂರನ್ನೂ ಗಿಡ್ಡ ಬದಿಗಳಿಂದ ಹಿಡಿದುಕೊಂಡು ಹಿಡಿಯನ್ನು ಬೆರಳ ಬಲದಲ್ಲಿ ಬಿಗಿಯಿರಿ, ಇಕ್ಕಳ ಬೇಡ.

ಈಗ ರೇಜರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ತುದಿಯಿಂದ ನೋಡಿ. ಎರಡೂ ಬದಿ ಬ್ಲೇಡು ಒಂದೇ ಸಮನೆ ಇಣುಕಬೇಕು. ಒಂದು ಕಡೆ ಹೆಚ್ಚಾಗಿ ಕಂಡರೆ ಒಂದು ಸುತ್ತು ಸಡಿಲಿಸಿ, ಗಿಡ್ಡ ತುದಿಗಳಿಂದ ಬ್ಲೇಡನ್ನು ಸರಿಪಡಿಸಿ ಮತ್ತೆ ಬಿಗಿಯಿರಿ. ಒಂದೇ ರೇಜರ್ ಒಂದು ಬದಿಯಲ್ಲಿ ನಯವಾಗಿ, ಇನ್ನೊಂದು ಬದಿಯಲ್ಲಿ ಕೆರೆಯುತ್ತಿದ್ದರೆ ಕಾರಣ ಬಹುತೇಕ ಇದೇ. ಕೈಜಾರಿ ಬ್ಲೇಡು ಬಿದ್ದರೆ ಹಿಡಿಯಲು ಹೋಗಬೇಡಿ, ಬೀಳಲಿ. ಹೊಸ ಬ್ಲೇಡನ್ನು ಬಟ್ಟೆಯಲ್ಲಿ ಒರೆಸುವುದೂ ಬೇಡ, ಅಂಚಿನ ಮೇಲಿನ ತೆಳು ಲೇಪನ ಹಾಳಾಗುತ್ತದೆ.

ನೀರು, ನೊರೆ

ಒಣ ಗಡ್ಡದ ಕೂದಲು ಗಟ್ಟಿ. ನೀರು ಕುಡಿದ ಕೂದಲು ಉಬ್ಬಿ ಮೆತ್ತಗಾಗಿ ಬಹಳ ಕಡಿಮೆ ಬಲಕ್ಕೆ ಕತ್ತರಿಸಿಕೊಳ್ಳುತ್ತದೆ. ಇದಕ್ಕೆ ಎರಡು ಮೂರು ನಿಮಿಷ ಬೇಕು. ಸ್ನಾನ ಮಾಡಿದ ತಕ್ಷಣ ಶೇವ್ ಮಾಡುವುದು ಎಲ್ಲಕ್ಕಿಂತ ಸುಲಭದ ಹಾದಿ. ಆಗದಿದ್ದರೆ ಮುಖವನ್ನು ಸೋಪಿನಿಂದ ತೊಳೆದು ಎಣ್ಣೆ ಜಿಡ್ಡು ತೆಗೆದು, ಬೆಚ್ಚಗಿನ ನೀರಲ್ಲಿ ಹಿಂಡಿದ ಟವೆಲನ್ನು ಗಡ್ಡದ ಮೇಲೆ ಎರಡು ನಿಮಿಷ ಇಟ್ಟುಕೊಳ್ಳಿ. ಸುಡುವ ನೀರು ಬೇಡ.

ನೊರೆಯ ವಿಷಯದಲ್ಲಿ ನಮ್ಮ ಕಡೆ ದೊಡ್ಡ ತೊಡಕು ಗಡಸು ನೀರು. ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟ್‌ಗಳು, ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಅವು ಸೋಪಿನ ಜೊತೆ ಸೇರಿ ನೊರೆಯ ಬದಲು ಬಿಳಿ ಜಿಗುಟಾಗುತ್ತವೆ. ಮುಖದ ಮೇಲೆ ನೊರೆ ಅರ್ಧ ನಿಮಿಷದಲ್ಲಿ ಕರಗಿಹೋದರೆ ಕ್ರೀಮನ್ನು ಬೈಯುವ ಮುಂಚೆ ನೀರನ್ನು ಪರೀಕ್ಷಿಸಿ. ಉಪಾಯ ಸುಲಭ: ನೊರೆ ಎಬ್ಬಿಸುವುದಕ್ಕೆ ಮಾತ್ರ ಅರ್ಧ ಕಪ್ ಆರ್‌ಒ ನೀರು ಅಥವಾ ಹಿಡಿದಿಟ್ಟ ಮಳೆನೀರು ಬಳಸಿ. ಮುಖ ತೊಳೆಯಲು ನಲ್ಲಿ ನೀರೇ ಸಾಕು. ಕುದಿಸಿ ಆರಿಸಿದರೆ ಗಡಸಿನ ಒಂದು ಭಾಗ ಮಾತ್ರ ತಳಕ್ಕಿಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ಟ್ಯೂಬಿನ ಕ್ರೀಮಾದರೆ ಒಂದು ಬಾದಾಮಿ ಗಾತ್ರ ಸಾಕು. ಬ್ರಶ್ಶನ್ನು ಒದ್ದೆ ಮಾಡಿ ಎರಡು ಸಲ ಕೊಡವಿ, ಬಟ್ಟಲಿನಲ್ಲಿ ಕ್ರೀಮಿನ ಮೇಲೆ ಒಂದು ನಿಮಿಷ ಸುತ್ತಿಸಿ. ನೀರು ಒಮ್ಮೆಲೆ ಸುರಿಯಬೇಡಿ, ಅರ್ಧ ಚಮಚದಂತೆ ಸೇರಿಸುತ್ತ ಹೋಗಿ. ಹದ ಬಂದ ನೊರೆ ಕಡೆದ ಗಟ್ಟಿ ಮೊಸರಿನ ಹಾಗೆ ಹೊಳೆಯುತ್ತದೆ, ಬ್ರಶ್ಶಿನ ತುದಿಯಲ್ಲಿ ಬಾಗಿ ನಿಲ್ಲುತ್ತದೆ. ಒಣ ಒಣವಾಗಿ ಹಿಂಜಿದ ಅರಳೆಯಾದರೆ ನೀರು ಕಡಿಮೆ, ಇದೇ ಹೆಚ್ಚು ಜನ ಮಾಡುವ ತಪ್ಪು. ದೊಡ್ಡ ಗುಳ್ಳೆಗಳು ಕಂಡರೆ ನೀರು ಜಾಸ್ತಿ. ಎರಡು ಬೆರಳ ನಡುವೆ ಉಜ್ಜಿ ನೋಡಿ, ಜಾರಬೇಕು. ಶೇವಿಂಗ್ ಸೋಪಿನ ಬಿಲ್ಲೆಯಾದರೆ ಒದ್ದೆ ಬ್ರಶ್ಶನ್ನು ಅದರ ಮೇಲೆ 30 ಸೆಕೆಂಡು, ಗಡಸು ನೀರಲ್ಲಿ ಒಂದು ನಿಮಿಷ ಸುತ್ತಿಸಿ. ಹಂದಿ ಕೂದಲಿನ ಬ್ರಶ್ಶನ್ನು ಮೊದಲೇ ನಾಲ್ಕೈದು ನಿಮಿಷ ನೆನೆಹಾಕಬೇಕು, ಕೃತಕ ಎಳೆಯದಕ್ಕೆ ಅದು ಬೇಕಿಲ್ಲ.

ಮೈಸೋಪು ಇದಕ್ಕೆ ಆಗದು. ಅದರ ನೊರೆಯಲ್ಲಿ ಗಾಳಿಯೇ ಹೆಚ್ಚು, ಬೇಗ ಒಣಗುತ್ತದೆ. ಡಬ್ಬಿಯ ಫೋಮ್ ಕೂಡ ನೋಡಲು ದಪ್ಪ, ಒಳಗೆ ಗಾಳಿ. ತುರ್ತಿದ್ದಾಗ ಬಳಸಬಹುದು, ಆದರೆ ಒದ್ದೆ ಮುಖಕ್ಕೆ ತೆಳುವಾಗಿ ಹಚ್ಚಿ ಕೈಯಿಂದ ಚೆನ್ನಾಗಿ ತಿಕ್ಕಿಕೊಳ್ಳಿ. ಬ್ರಶ್ಶಿನ ನಿಜವಾದ ಲಾಭ ಕೂದಲನ್ನು ಬುಡದಿಂದ ಎತ್ತಿ, ಪ್ರತಿಯೊಂದರ ಸುತ್ತಲೂ ನೊರೆ ಸೇರಿಸುವುದು. ಮೊದಲು ಸುತ್ತಿಸಿ, ಕೊನೆಗೆ ಬಣ್ಣ ಹೊಡೆಯುವವರಂತೆ ಮೇಲಕ್ಕೂ ಕೆಳಕ್ಕೂ ಆಡಿಸಿ ಸಮ ಮಾಡಿ.

ಕೂದಲಿನ ದಿಕ್ಕು ತಿಳಿದುಕೊಳ್ಳಿ

ಎರಡು ದಿನದ ಗಡ್ಡ ಇರುವಾಗ ಬೆರಳ ತುದಿಯಿಂದ ಕೆನ್ನೆ, ದವಡೆ, ಕತ್ತನ್ನು ನಾಲ್ಕೂ ದಿಕ್ಕಿಗೆ ಸವರಿ. ನುಣ್ಣಗೆ ಸಾಗಿದ ದಿಕ್ಕು ಕೂದಲಿನ ದಿಕ್ಕು, ಚುಚ್ಚಿದ್ದು ಎದುರು ದಿಕ್ಕು. ಕೆನ್ನೆಯಲ್ಲಿ ಸಾಮಾನ್ಯವಾಗಿ ಕೆಳಮುಖ. ಕತ್ತಿನಲ್ಲಿ ಹಾಗಲ್ಲ. ಹಲವರಿಗೆ ಅಲ್ಲಿ ಕೂದಲು ಅಡ್ಡಡ್ಡ ಬೆಳೆಯುತ್ತದೆ, ಕೆಲವರಿಗೆ ಮೇಲ್ಮುಖ, ಇನ್ನು ಕೆಲವರಿಗೆ ದವಡೆಯ ಕೆಳಗೆ ಸುಳಿಯೇ ಇರುತ್ತದೆ. ಕತ್ತಿನ ಎಡ, ಬಲಗಳಲ್ಲೂ ವ್ಯತ್ಯಾಸ ಇರಬಹುದು. ಒಂದು ಕಾಗದದ ಮೇಲೆ ಮುಖದ ಚಿತ್ರ ಬರೆದು ಬಾಣ ಹಾಕಿಕೊಳ್ಳಿ. ಈ ಐದು ನಿಮಿಷದ ಕೆಲಸವನ್ನು ಬಿಟ್ಟವರೇ ಕತ್ತಿನ ಉರಿಗೆ ಎಷ್ಟೋ ಕ್ರೀಮುಗಳನ್ನು ಕೊಂಡು ದುಡ್ಡು ಕಳೆಯುತ್ತಾರೆ.

ಶೇವ್ ಮಾಡುವುದು

ಹಿಡಿಯನ್ನು ತುದಿಯ ಹತ್ತಿರ ಹೆಬ್ಬೆರಳು ಮತ್ತು ಎರಡು ಬೆರಳಿನಿಂದ ಮಾತ್ರ ಹಿಡಿಯಿರಿ. ಮುಷ್ಟಿಯಲ್ಲಿ ಹಿಡಿದರೆ ತೋಳಿನ ಬಲ ಬರುತ್ತದೆ. ಕೃತಾದ ಕೆಳಗೆ ರೇಜರ್‌ನ ಮುಚ್ಚಳವನ್ನು ಕೆನ್ನೆಗೆ ತಾಗಿಸಿ, ಹಿಡಿ ಮುಖದಿಂದ ನೆಟ್ಟಗೆ ಹೊರಗೆ ಚಾಚಿರಲಿ. ಈ ಸ್ಥಿತಿಯಲ್ಲಿ ಬ್ಲೇಡು ಚರ್ಮಕ್ಕೆ ತಾಗುವುದಿಲ್ಲ. ಈಗ ಹಿಡಿಯನ್ನು ನಿಧಾನವಾಗಿ ಕೆಳಗಿಳಿಸುತ್ತ, ರೇಜರನ್ನು ಕೂದಲೆಳೆಯಷ್ಟು ಕೆಳಕ್ಕೆ ಜರುಗಿಸಿ. ಒಂದು ಹಂತದಲ್ಲಿ ಕೂದಲು ಕತ್ತರಿಸುವ ಸರ್ ಸರ್ ಸದ್ದು ಕೇಳಿಸುತ್ತದೆ. ಅಲ್ಲಿಗೆ ನಿಲ್ಲಿಸಿ, ಅದೇ ನಿಮ್ಮ ಕೋನ. ಬ್ಲೇಡಿಗೂ ಚರ್ಮಕ್ಕೂ ಹತ್ತಿರ ಹತ್ತಿರ 30 ಡಿಗ್ರಿ. ಇನ್ನೂ ಕೆಳಗಿಳಿಸಿದರೆ ಬ್ಲೇಡು ಚರ್ಮವನ್ನು ಕೆರೆಯಲು ತೊಡಗುತ್ತದೆ. ಫ್ಯಾನ್ ಆರಿಸಿ, ನಲ್ಲಿ ನಿಲ್ಲಿಸಿ ಈ ಸದ್ದಿಗೆ ಕಿವಿಗೊಡಿ. ಸದ್ದು ನಿಂತರೆ ಕೋನ ತಪ್ಪಿದೆ ಅಥವಾ ಅಲ್ಲಿ ಕೂದಲು ಮುಗಿದಿದೆ.

ಎಳೆತಗಳು ಗಿಡ್ಡಗಿರಲಿ, ಒಂದಕ್ಕೆ ಎರಡು ಮೂರು ಸೆಂ.ಮೀ. ಖಾಲಿ ಕೈಯಿಂದ ಚರ್ಮವನ್ನು ಹಿಂದಕ್ಕೆ ಹಗುರವಾಗಿ ಬಿಗಿಮಾಡಿ. ಆ ಬೆರಳು ಒಣಗಿರಬೇಕು, ನೊರೆಯಾದರೆ ಜಾರುತ್ತದೆ. ಮೂರು ನಾಲ್ಕು ಎಳೆತಕ್ಕೊಮ್ಮೆ ರೇಜರ್ ತಿರುಗಿಸಿ ಇನ್ನೊಂದು ಅಂಚು ಬಳಸಿ, ಎರಡೂ ತುಂಬಿದ ಮೇಲೆ ನೀರಿನಲ್ಲಿ ಅಲ್ಲಾಡಿಸಿ. ಮಗ್ಗಿನ ನೀರೇ ಸಾಕು, ಓಡುವ ನಲ್ಲಿ ಬೇಕಿಲ್ಲ. ಬಹು ಬ್ಲೇಡಿನ ಕಾರ್ಟ್ರಿಜ್‌ಗಳು ಓಡುವ ನೀರಿಲ್ಲದ ನಮ್ಮ ಮನೆಗಳಲ್ಲಿ ಕೂದಲು ಸಿಕ್ಕಿ ಕಟ್ಟಿಕೊಳ್ಳುತ್ತಿದ್ದವು. 2010ರಲ್ಲಿ ಭಾರತಕ್ಕೆಂದೇ ಒಂದೇ ಬ್ಲೇಡಿನ ಜಿಲೆಟ್ ಗಾರ್ಡ್ ಬಂದದ್ದಕ್ಕೆ ಇದೂ ಒಂದು ಕಾರಣ. ಸೇಫ್ಟಿ ರೇಜರ್‌ಗೆ ಈ ತಾಪತ್ರಯವೇ ಇಲ್ಲ.

ಕ್ರಮ ಹೀಗಿರಲಿ: ಎರಡೂ ಕೆನ್ನೆ, ಆಮೇಲೆ ದವಡೆಯ ಕೆಳಗೆ ಕತ್ತು, ಕೊನೆಗೆ ಮೇಲ್ದುಟಿ ಮತ್ತು ಗದ್ದ. ಅಲ್ಲಿನ ಕೂದಲು ಎಲ್ಲಕ್ಕಿಂತ ಒರಟು, ನೊರೆಯಲ್ಲಿ ಹೆಚ್ಚು ಹೊತ್ತು ನೆನೆಯಲಿ.

ದವಡೆಯ ಮೂಳೆ ಬಂದಾಗ ರೇಜರ್ ಅದರ ಮೇಲೆ ಹಾರಿ ಇಳಿಯುವಂತೆ ಎಳೆಯಬೇಡಿ. ಕೆನ್ನೆಯ ಚರ್ಮವನ್ನು ಮೇಲಕ್ಕೆಳೆದರೆ ದವಡೆಯ ಕೆಳಗಿನ ಕೂದಲು ಸಮತಟ್ಟಾದ ಜಾಗಕ್ಕೆ ಬರುತ್ತದೆ. ಗಂಟಲಿನ ಉಬ್ಬಿನ ಮೇಲೆ ನೇರವಾಗಿ ಎಂದೂ ಶೇವ್ ಮಾಡಬೇಡಿ. ಚರ್ಮವನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ಅಲ್ಲಿ ಶೇವ್ ಮಾಡಿ, ಬಿಟ್ಟರೆ ಅದು ತನ್ನ ಜಾಗಕ್ಕೆ ಹೋಗುತ್ತದೆ. ಉಗುಳು ನುಂಗಿ ಉಸಿರು ಹಿಡಿದರೂ ಉಬ್ಬು ಕೆಲ ಕ್ಷಣ ಮೇಲೇರಿ ಜಾಗ ಸಿಗುತ್ತದೆ. ಮೇಲ್ದುಟಿಗೆ ತುಟಿಯನ್ನು ಹಲ್ಲಿನ ಮೇಲೆ ಕೆಳಕ್ಕೆಳೆದು, ಒಂದೊಂದು ಸೆಂ.ಮೀ.ನ ಎಳೆತ ಸಾಕು. ಮೀಸೆ ಇಟ್ಟವರು ಅದರ ಅಂಚನ್ನು ರೇಜರ್‌ನ ಮೂಲೆಯಿಂದ ತಿದ್ದಬೇಕು. ತಲೆ ದಪ್ಪಗಿರುವುದರಿಂದ ಬ್ಲೇಡಿನ ಗೆರೆ ಕಾಣುವುದಿಲ್ಲ, ಇದು ಕಾರ್ಟ್ರಿಜ್‌ಗಿಂತ ತುಸು ಕಷ್ಟವೇ. ಮೊದಮೊದಲು ಟ್ರಿಮ್ಮರ್ ಬಳಸಿ.

ಒಂದು ಸುತ್ತು ಕೂದಲಿನ ದಿಕ್ಕಿನಲ್ಲಿ ಮುಗಿದ ಮೇಲೆ ಮುಖ ತೊಳೆದು ಮತ್ತೆ ನೊರೆ ಹಚ್ಚಿ. ನೊರೆಯಿಲ್ಲದ ಜಾಗಕ್ಕೆ ಬ್ಲೇಡು ಎರಡನೇ ಸಲ ಹೋಗಕೂಡದು. ಎರಡನೇ ಸುತ್ತು ದಿಕ್ಕಿಗೆ ಅಡ್ಡವಾಗಿ, ಕಿವಿಯಿಂದ ಮೂಗಿನ ಕಡೆಗೆ. ಆಫೀಸಿಗೆ ಹೋಗಲು ಇಷ್ಟು ಧಾರಾಳ ಸಾಕು. ಸಲೂನಿನಲ್ಲಿ ಉಲ್ಟಾ ಹೊಡೆಯುವುದು ಎನ್ನುವ ಎದುರು ದಿಕ್ಕಿನ ಮೂರನೇ ಸುತ್ತನ್ನು ಮೊದಲ ಮೂರು ನಾಲ್ಕು ವಾರ ಮುಟ್ಟಬೇಡಿ. ಆಮೇಲೂ ಕೆನ್ನೆಯಲ್ಲಿ ಮಾತ್ರ ಶುರು ಮಾಡಿ. ಕತ್ತಿನ ಮೇಲೆ ಗುಳ್ಳೆ ಏಳುವ ಚರ್ಮದವರಿಗೆ ಅದು ಎಂದೂ ಬೇಡ. ಒಂದೇ ಸುತ್ತಿನಲ್ಲಿ ಎಲ್ಲ ಕೂದಲನ್ನೂ ತೆಗೆಯಬೇಕೆಂಬ ಹಟವೇ ಒತ್ತುವುದಕ್ಕೆ ಮೂಲ. ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಇಳಿದರೆ ಸಾಕು ಎಂದುಕೊಂಡರೆ ಕೈ ತಾನೇ ಹಗುರಾಗುತ್ತದೆ.

ಮುಗಿದ ಮೇಲೆ

ತಣ್ಣೀರಿನಲ್ಲಿ ಮುಖ ತೊಳೆದು, ಒದ್ದೆ ಪಟಿಕದ ಕಲ್ಲನ್ನು ಶೇವ್ ಮಾಡಿದ ಕಡೆಯೆಲ್ಲ ಹಗುರವಾಗಿ ಆಡಿಸಿ. ಅರ್ಧ ನಿಮಿಷ ಬಿಟ್ಟು ತೊಳೆಯಿರಿ. ಸಣ್ಣ ಗೀರಿನ ರಕ್ತ ನಿಲ್ಲುವುದಲ್ಲದೆ ಇನ್ನೊಂದು ಉಪಯೋಗವಿದೆ: ಪಟಿಕ ಎಲ್ಲಿ ಚುರ್ರೆನ್ನುತ್ತದೋ ಅಲ್ಲಿ ನೀವು ಒತ್ತಿದ್ದೀರಿ ಅಥವಾ ಕೋನ ತಪ್ಪಿದ್ದೀರಿ. ಕಣ್ಣಿಗೆ ಕಾಣದ ಗೀರನ್ನೂ ಅದು ಹೇಳಿಬಿಡುತ್ತದೆ, ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಗುರುತಿಲ್ಲ. ರಕ್ತ ನಿಲ್ಲದಿದ್ದರೆ ಆ ಜಾಗಕ್ಕೆ ಕಲ್ಲನ್ನು ಒಂದು ನಿಮಿಷ ಹಿಡಿಯಿರಿ. ಒಣ ಚರ್ಮದವರು ಆಲ್ಕೋಹಾಲ್ ಇರುವ ಆಫ್ಟರ್‌ಶೇವ್ ಬಿಟ್ಟು ವಾಸನೆಯಿಲ್ಲದ ಮಾಯಿಶ್ಚರೈಸರ್ ಹಚ್ಚುವುದು ಮೇಲು.

ಪಟಿಕವಾಗಲಿ ರೇಜರ್ ಆಗಲಿ ಮನೆಯಲ್ಲಿ ಒಬ್ಬರದನ್ನು ಇನ್ನೊಬ್ಬರು ಬಳಸಬಾರದು. ಹೆಪಟೈಟಿಸ್ ಬಿ, ಸಿ ರಕ್ತದಿಂದ ಹರಡುವ ರೋಗಗಳು, ಅದಕ್ಕೆ ಕಣ್ಣಿಗೆ ಕಾಣದಷ್ಟು ರಕ್ತವೂ ಸಾಕು. ಸಲೂನಿಗೆ ಹೋದಾಗಲೂ ಕ್ಷೌರದ ಕತ್ತಿಗೆ ಹೊಸ ಬ್ಲೇಡನ್ನು ನಿಮ್ಮ ಕಣ್ಣೆದುರೇ ಮುರಿದು ಹಾಕಿಸಿಕೊಳ್ಳಿ.

ಏನು ತಪ್ಪಿದರೆ ಏನಾಗುತ್ತದೆ

ಶೇವ್ ಆದ ಕೂಡಲೇ ಮುಖವೆಲ್ಲ ಉರಿ, ಕೆಂಪು: ಒತ್ತಡ ಹೆಚ್ಚಾಗಿದೆ ಅಥವಾ ಒಂದೇ ಜಾಗಕ್ಕೆ ಹೆಚ್ಚು ಸಲ ಹೋಗಿದ್ದೀರಿ. ಎರಡು ದಿನ ಬಿಡುವು ಕೊಟ್ಟು, ಮುಂದಿನ ವಾರ ಒಂದೇ ಸುತ್ತು ಮಾಡಿ.

ಸೂಜಿಮೊನೆಯಂಥ ರಕ್ತದ ಚುಕ್ಕೆಗಳು: ಎದುರು ದಿಕ್ಕಿಗೆ ಹೋಗಿದ್ದೀರಿ, ಕತ್ತಿನಲ್ಲಾದರೆ ಬಹುಶಃ ಗೊತ್ತಿಲ್ಲದೆಯೇ. ಬಾಣದ ಚಿತ್ರಕ್ಕೆ ಹಿಂತಿರುಗಿ.

ಉದ್ದನೆಯ ಗೀರು: ರೇಜರ್ ಅಡ್ಡಕ್ಕೆ ಜಾರಿದೆ. ಬ್ಲೇಡು ಯಾವಾಗಲೂ ತನ್ನ ಅಂಚಿಗೆ ಲಂಬವಾಗಿಯೇ ಸಾಗಬೇಕು, ಒಂದು ಎಳೆಯಷ್ಟೂ ಪಕ್ಕಕ್ಕಲ್ಲ.

ಹೊಸ ಬ್ಲೇಡೇ ಎಳೆಯುತ್ತಿದೆ: ಕೂದಲು ನೆನೆದಿಲ್ಲ, ನೊರೆ ಒಣಗಿದೆ ಅಥವಾ ಹಿಡಿ ಸಡಿಲವಾಗಿದೆ. ಮೂರೂ ಸರಿ ಇದ್ದರೆ ಆ ಬ್ಲೇಡು ನಿಮಗಲ್ಲ.

ಎರಡು ಮೂರು ದಿನದ ಮೇಲೆ ಗುಳ್ಳೆ: ಕೂದಲು ಒಳಮುಖವಾಗಿ ಬೆಳೆಯುತ್ತಿದೆ. ಚಿವುಟಬೇಡಿ, ಅಷ್ಟು ಜಾಗ ಬಿಟ್ಟು ಶೇವ್ ಮಾಡಿ. ಒಂಟಿ ಬ್ಲೇಡಿನಲ್ಲೂ ನಿಲ್ಲದಿದ್ದರೆ ಟ್ರಿಮ್ಮರ್‌ನಲ್ಲಿ ಒಂದು ಮಿ.ಮೀ. ಉಳಿಸುವುದೇ ದಾರಿ. ಕೀವು ತುಂಬಿದ್ದರೆ ಚರ್ಮವೈದ್ಯರಿಗೆ ತೋರಿಸಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು, ಗಾಯ ಬೇಗ ಮಾಯದವರು ಈ ರೇಜರ್ ಕಲಿಯಲು ಹೊರಡುವ ಮುಂಚೆ ವೈದ್ಯರನ್ನು ಕೇಳುವುದು ಒಳ್ಳೆಯದು.

ಯಾರಿಗೆ ಆಧುನಿಕ ವಿಧಾನವೇ ಸರಿ

ಕೈ ನಡುಗುವವರು, ದೃಷ್ಟಿ ಮಂದವಾದವರು, ಬೇರೆಯವರಿಗೆ ಶೇವ್ ಮಾಡಿಸುವ ಆರೈಕೆದಾರರು ಕಾರ್ಟ್ರಿಜ್ ಅಥವಾ ಎಲೆಕ್ಟ್ರಿಕ್ ಶೇವರ್ ಬಿಡುವುದು ಬೇಡ. ಬೆಳಿಗ್ಗೆ ಐದು ನಿಮಿಷ ಮಾತ್ರ ಇರುವವರೂ ಅಷ್ಟೆ. ಸೇಫ್ಟಿ ರೇಜರ್‌ಗೆ ಮೊದಲು 20 ನಿಮಿಷ, ಪಳಗಿದ ಮೇಲೆ ಹತ್ತು ಹನ್ನೆರಡು ನಿಮಿಷ ಬೇಕು. ವಿಮಾನದ ಕೈಚೀಲದಲ್ಲಿ ಬಿಡಿ ಬ್ಲೇಡುಗಳಿಗೆ ಅವಕಾಶವಿಲ್ಲ. ಲಗೇಜಿಗೆ ಹಾಕಿ, ಇಲ್ಲವೇ ಪ್ರಯಾಣಕ್ಕೆಂದು ಒಂದು ಕಾರ್ಟ್ರಿಜ್ ಇಟ್ಟುಕೊಳ್ಳಿ. ಕಾರ್ಟ್ರಿಜ್ ಬಳಸುವವರಿಗೂ ಮೇಲಿನ ನೀರು, ನೊರೆ, ದಿಕ್ಕಿನ ಮಾತು ಪೂರ್ತಿ ಅನ್ವಯಿಸುತ್ತದೆ. ಅವರಲ್ಲಿ ಅರ್ಧಕ್ಕರ್ಧ ಉರಿ ಅಲ್ಲಿಗೇ ಹೋಗಬಹುದು.

ಎಲೆಕ್ಟ್ರಿಕ್ ಶೇವರ್‌ನಲ್ಲಿ ಬ್ಲೇಡು ಚರ್ಮಕ್ಕೆ ನೇರವಾಗಿ ತಾಗದು, ನಡುವೆ ಲೋಹದ ಜಾಲರಿ ಇರುತ್ತದೆ. ನುಣುಪು ಕಡಿಮೆ, ಗಾಯವೂ ಕಡಿಮೆ. ಅಡ್ಡ ಜಾಲರಿಯದನ್ನು ಹಿಂದೆ ಮುಂದೆ ನೇರವಾಗಿ, ಮೂರು ಚಕ್ರದ್ದನ್ನು ಸಣ್ಣ ಸುತ್ತುಗಳಲ್ಲಿ ಆಡಿಸಬೇಕು. ಜಾಲರಿ ಮತ್ತು ಒಳಬ್ಲೇಡನ್ನು ಒಂದರಿಂದ ಒಂದೂವರೆ ವರ್ಷಕ್ಕೆ ಬದಲಿಸದಿದ್ದರೆ ಅದೂ ಕೂದಲು ಕೀಳಲು ಶುರುಮಾಡುತ್ತದೆ. ಆ ಬೆಲೆಯನ್ನೂ ಲೆಕ್ಕಕ್ಕೆ ಹಿಡಿದೇ ಕೊಳ್ಳಿ.

ತೊಳೆಯುವುದು, ಬ್ಲೇಡು ಬಿಸಾಡುವುದು

ಪ್ರತಿ ಸಲ ರೇಜರನ್ನು ನೀರಿನಲ್ಲಿ ಜಾಲಿಸಿ, ಕೊಡವಿ, ನೆಟ್ಟಗೆ ನಿಲ್ಲಿಸಿ. ಬಚ್ಚಲಿನ ತೇವದಲ್ಲಿ ಮಲಗಿಸಿಡಬೇಡಿ. ಬ್ಲೇಡು ಬದಲಿಸುವಾಗ ಮೂರೂ ಭಾಗ ಬಿಚ್ಚಿ ಟೂತ್‌ಬ್ರಶ್‌ನಿಂದ ತಿಕ್ಕಿ. ಗಡಸು ನೀರಿನ ಬಿಳಿ ಕಲೆಗೆ ಒಂದು ಭಾಗ ವಿನೆಗರ್, ನಾಲ್ಕು ಭಾಗ ನೀರು ಸೇರಿಸಿ ಐದು ನಿಮಿಷ ಅದ್ದಿ ತೊಳೆಯಿರಿ. ಇದಕ್ಕಿಂತ ಹೆಚ್ಚು ಹೊತ್ತು ಬಿಟ್ಟರೆ ಲೇಪನಕ್ಕೆ ಪೆಟ್ಟು.

ಬಳಸಿದ ಬ್ಲೇಡು ಕಸದ ಬುಟ್ಟಿಗೆ ಬಿಡಿಯಾಗಿ ಹೋಗಲೇಬಾರದು. ಆ ಚೀಲವನ್ನು ಕೈಯಿಂದ ಬಿಡಿಸಿ ಬೇರ್ಪಡಿಸುವವರು ಪೌರಕಾರ್ಮಿಕರು, ಎಷ್ಟೋ ಸಲ ಕೈಗವಸೂ ಇಲ್ಲದೆ. ಮುಚ್ಚಳ ತೆಗೆಯಲು ಬಾರದ ತಗಡಿನ ಡಬ್ಬಿಯೊಂದರಲ್ಲಿ ಚಾಕುವಿನಿಂದ 25 ಮಿ.ಮೀ. ಉದ್ದದ ಸೀಳು ಮಾಡಿ, ಹಳೆಯ ಬ್ಲೇಡನ್ನು ಅದರೊಳಗೆ ತುರುಕುತ್ತ ಹೋಗಿ. ವಾರಕ್ಕೊಂದರಂತೆ ಹಾಕಿದರೆ ಒಂದು ಚಿಕ್ಕ ಡಬ್ಬಿಯೇ ವರ್ಷಗಟ್ಟಲೆ ಬರುತ್ತದೆ. ತುಂಬಿದ ಮೇಲೆ ಸೀಳಿಗೆ ಗಟ್ಟಿಯಾಗಿ ಟೇಪ್ ಸುತ್ತಿ, ‘ಬ್ಲೇಡು’ ಎಂದು ದೊಡ್ಡದಾಗಿ ಬರೆದು, ಹಸಿ ಕಸದಲ್ಲೂ ಒಣ ಕಸದಲ್ಲೂ ಸೇರಿಸದೆ ಕಸದ ಗಾಡಿಯವರ ಕೈಗೆ ಹೇಳಿ ಕೊಡಿ.